ಕಡ್ಡಿ ಅಂಕಿಯ ದುಂಡಮ್ಮ

ನನ್ನ ಅಂಕಿಗಳು ಮುತ್ತು ಪೋಣಿಸಿದ ಹಾಗಿರುತ್ತಿದ್ದವು. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಈಗ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಕಲಬುರ್ಗಿ ಪಕ್ಕದ ನಂದೂರಿನಲ್ಲಿ ಅಣವೀರಪ್ಪ ಸಾವಕಾರರ ದಾಲ್ ಮಿಲ್ಲು ಇತ್ತು. ಅಲ್ಲಿ ಇಪ್ಪತ್ತಾರು ವರ್ಷ ನಾನು ಗುಮಾಸ್ತನಾಗಿದ್ದೆ. ಕನ್ನಡ ಅಂಕಿಗಳನ್ನು ಹಳೆಯ ಪದ್ಧತಿಯಲ್ಲಿ, ಡೊಂಕು, ಬಾಲ, ಸುಳಿ ಎಲ್ಲ ತಿದ್ದಿ ತೀಡಿ ಬರೆಯುತ್ತಿದ್ದೆ. ಸಾವಕಾರರು ಮನೆಗೆ ಬಂದ ಬೀಗರನ್ನು ಮಿಲ್ಲಿಗೆ ಕರೆತಂದು, "ನೋಡ್ರಿ ನಮ್ಮ ನಾಗಣ್ಣನ ಕೈ" ಎಂದು ನನ್ನ ತೂಕದ ಪುಸ್ತಕ ತೋರಿಸುತ್ತಿದ್ದರು. ನಾನು ಕನ್ನಡಕ ಒರೆಸಿಕೊಳ್ಳುತ್ತ, ಕೇಳಿಸದವನ ಹಾಗೆ ಕೂತಿರುತ್ತಿದ್ದೆ.

ಆ ಕೈಯನ್ನು ಕೆಡಿಸಿದವಳು ದುಂಡಮ್ಮ. ಅವಳ ಕತೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ.

ದುಂಡಮ್ಮನ ತವರು ಕಮಲಾಪುರ. ಅವಳ ತಾಯಿ ಅನ್ನಮ್ಮ ಬಸ್ ಸ್ಟ್ಯಾಂಡಿನ ಎದುರು ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ದುಂಡಮ್ಮನ ಗಂಡ ಮಾಳಿಂಗಪ್ಪ ಕಲಬುರ್ಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಹಮಾಲಿ. ಬ್ರಹ್ಮಪುರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಎರಡು ಹೆಣ್ಣು ಮಕ್ಕಳು. ಒಂದು ದಿನ ಸಕ್ಕರೆ ಚೀಲ ಇಳಿಸುವಾಗ ಮಾಳಿಂಗಪ್ಪನ ಸೊಂಟ ಹಿಡಿಯಿತು, ಮತ್ತೆ ಬಿಡಲಿಲ್ಲ. ಅಂದಿನಿಂದ ನಾಲ್ಕು ಹೊಟ್ಟೆ ತುಂಬುವುದು ದುಂಡಮ್ಮನ ಎರಡು ಕೈಯಿಂದ. ಆ ಕೈಗೆ ಕೆಲಸ ಕೊಟ್ಟಿದ್ದು ನಮ್ಮ ಮಿಲ್ಲು.

ತೊಗರಿ ಒಡೆದು ಬೇಳೆಯಾಗಿ ಬಂದ ಮೇಲೆ ಅದರಲ್ಲಿನ ಕಲ್ಲು, ಕರಿಕಾಳು, ಸಿಪ್ಪೆ ಆರಿಸಿ ಹಸನು ಮಾಡುವ ಕೆಲಸ ಹೆಂಗಸರದು. ಇಪ್ಪತ್ತೆರಡು ಜನ ಇದ್ದರು. ನಡುವೆ ಬೇಳೆಯ ರಾಶಿ, ಅದರ ಸುತ್ತ ದುಂಡಗೆ ಅವರು. ಹಾಗೆ ಕೂತರೆ ರಾಶಿ ಎಲ್ಲರ ಕೈಗೂ ಸಮನಾಗಿ ಎಟಕುತ್ತದೆ, ಮಾತಾಡಲು ಎಲ್ಲರ ಮುಖವೂ ಸಿಗುತ್ತದೆ. ಊಟಕ್ಕೆ ಕೂತರೂ ದುಂಡಗೆ, ಜಗಳಕ್ಕೆ ನಿಂತರೂ ದುಂಡಗೆ. ಹಸನು ಮಾಡಿದ ಬೇಳೆಗೆ ಕಿಲೋಗೆ ಮೂವತ್ತು ಪೈಸೆ ಕೂಲಿ. ಸಂಜೆ ಒಬ್ಬೊಬ್ಬಳೇ ತನ್ನ ಚೀಲ ಎಳೆದು ತಂದು ತೂಗಿಸಬೇಕು. ಕೂಲಿಯವರ ಮೇಸ್ತ್ರಿ, ಮುಕಾದಮ ದೌಲಪ್ಪ ತೂಕ ಕೂಗುತ್ತಾನೆ, ನಾನು ತಲೆ ಎತ್ತದೆ ಬರೆದುಕೊಳ್ಳುತ್ತೇನೆ.

ತಕ್ಕಡಿ ಇದ್ದ ಕಾಲದಲ್ಲಿ ಅವರಿಗೆ ಅಂಕಿ ಬೇಕಿರಲಿಲ್ಲ. ಇಪ್ಪತ್ತು ಕಿಲೋದ ಕಬ್ಬಿಣದ ಗುಂಡು ಎರಡು ಕೂತವೋ, ಜೊತೆಗೆ ಸಣ್ಣವು ಎಷ್ಟು ಕೂತವೋ ಕಣ್ಣಿಗೆ ಕಾಣುತ್ತಿತ್ತು. ೧೯೯೮ರಲ್ಲಿ ಸಾವಕಾರರು ಕರೆಂಟಿನ ಕಾಟಾ ತಂದರು. ಕೆಳಗೆ ಸಪಾಟು ಹಲಗೆ, ಎದೆಯೆತ್ತರದ ಕಂಬ, ಕಂಬದ ತುದಿಗೆ ಕೆಂಪಗೆ ಉರಿಯುವ ಅಂಕಿಗಳ ಡಬ್ಬಿ. ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಗುಂಡುಗಳು ಗೋದಾಮಿನ ಮೂಲೆ ಸೇರಿದವು. ಅಂಕಿ ಓದಲು ಬಾರದ ಇಪ್ಪತ್ತೆರಡು ಜನರಿಗೆ ಅಂದಿನಿಂದ ದೌಲಪ್ಪ ಹೇಳಿದ್ದೇ ತೂಕ.

ಒಂದು ವಾರ ಕಳೆದಿತ್ತು. ದುಂಡಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು.

"ನಾಗಣ್ಣಾವ್ರೇ, ಹೊಸಾ ಕಾಟಾ ಬಂದ ಮ್ಯಾಲ ನನ್ನ ಕೈ ಸಣ್ಣವು ಆಗ್ಯಾವೇನ್ರಿ? ಅದೇ ಚೀಲ, ಅದೇ ಹೊಲಿಗಿ ತನಕ ತುಂಬ್ತೀನಿ. ಮೊದಲ ನಲ್ವತ್ತನಾಕು ಬರ್ತಿತ್ತು. ಈಗ ದಿನಾ ನಲ್ವತ್ತೊಂದೇ."

"ಮಷಿನ್ ಸುಳ್ಳು ಹೇಳೂದಿಲ್ಲವ್ವಾ" ಎಂದೆ.

"ಮಷಿನ್ ಎಲ್ಲಿ ಹೇಳ್ತದ್ರೀ? ಹೇಳಾಂವ ದೌಲಪ್ಪಣ್ಣ ಅಲ್ಲ?"

ನನಗೆ ಗೊತ್ತಿತ್ತು. ಚೀಲಕ್ಕೆ ಎರಡು ಮೂರು ಕಿಲೋ ದೂಳಿನ ಲೆಕ್ಕಕ್ಕೆ ಹಿಡಿಯುವುದು ಸಾವಕಾರರಿಗೂ ಗೊತ್ತಿತ್ತು, ದೌಲಪ್ಪನಿಗೂ ಗೊತ್ತಿತ್ತು. ತಕ್ಕಡಿ ಇದ್ದಾಗ ಹಿಡಿಯಲು ಆಗುತ್ತಿರಲಿಲ್ಲ, ಈಗ ಆಗುತ್ತಿತ್ತು, ಅಷ್ಟೇ. ಹಸನು ಮಾಡಿದ ಬೇಳೆಯಲ್ಲಿ ಎಲ್ಲಿಯ ದೂಳು ಎಂದು ನಾನು ಕೇಳಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ನಾನು ಮಸಾಲೆಯ ಪಟ್ಟಿ ಬರೆಯುವವನು. ಹೊಟ್ಟೆಪಾಡು ಎಂದು ಸಮಾಧಾನ ಮಾಡಿಕೊಂಡಿದ್ದೆ. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ದುಂಡಮ್ಮ ಬೇರೆ ದಾರಿ ಹಿಡಿದಳು. ಸೂಪರ್ ಮಾರ್ಕೆಟ್ಟಿನಲ್ಲಿ ಮಾಳಿಂಗಪ್ಪ ಚೀಲ ಇಳಿಸುತ್ತಿದ್ದ ಅಂಗಡಿಯ ಮೆಟ್ಟಿಲ ಬಳಿ ಮಂಜೂರ್ ಎಂಬವನು ರೇಡಿಯೋ, ಗಡಿಯಾರ ರಿಪೇರಿ ಮಾಡುತ್ತಿದ್ದ. ಅವನ ಹತ್ತಿರ ಹೋಗಿ, ಕೆಂಪು ಅಂಕಿ ಓದುವುದನ್ನು ಕಲಿಸು ಎಂದಳು. ಮಂಜೂರ್ ಡಬ್ಬಿ ಕೆದಕಿ, ಮೂಲೆ ಒಡೆದ ಒಂದು ಕ್ಯಾಲ್ಕುಲೇಟರ್ ತೆಗೆದು ಅವಳ ಅಂಗೈಯಲ್ಲಿಟ್ಟ.

"ಇದರಾಗ ಕಲಿಯೋದು ಏನದ ದುಂಡಮ್ಮಾ? ಎಲ್ಲಾ ಕಡ್ಡಿನೇ. ಏಳೂ ಕಡ್ಡಿ ಹೊತ್ತಿದ್ರ ಎಂಟು. ನಡುವಿನ ಕಡ್ಡಿ ಆರಿತಂದ್ರ ಸೊನ್ನಿ. ಬಾಜೂದ ಎರಡೇ ಉಳಿದ್ರ ಒಂದು. ಬಸ್, ಖತಂ."

ದುಂಡಮ್ಮ ಹಿಂದೆ ಒಮ್ಮೆ ರಾತ್ರಿ ಶಾಲೆಗೆ ನಾಲ್ಕು ದಿನ ಹೋಗಿ ಬಿಟ್ಟಿದ್ದಳು. ಮಾಸ್ತರರು ಹಲಗೆಯ ಮೇಲೆ ಬರೆದ ಅಂಕಿಗಳು ಅವಳಿಗೆ ಹುಳದಂತೆ ಹರಿದಾಡುತ್ತಿದ್ದವಂತೆ. "ಈ ಅಂಕಿ ಭಾಳ ಶಾಣ್ಯಾ ಅವ, ಕೂಡಂದಲ್ಲೇ ಕೂಡ್ತಾವ" ಎಂದಳು. ಕ್ಯಾಲ್ಕುಲೇಟರಿಗೆ ನಲವತ್ತು ರೂಪಾಯಿ, ಎರಡು ಕಂತು. ಹದಿನೈದು ದಿನದಲ್ಲಿ ಅಂಕಿ ಬಂದವು, ತಿಂಗಳಲ್ಲಿ ಕೂಡುವುದು ಗುಣಿಸುವುದು ಬಂತು. ಮನೆ ಬಾಡಿಗೆ, ಸೀಮೆಎಣ್ಣೆ, ಗಂಡನ ಔಷಧಿ ಎಲ್ಲದರ ಲೆಕ್ಕ ಆ ಡಬ್ಬಿಗೆ ಹೋಯಿತು. ಮಾಳಿಂಗಪ್ಪನ ಎಲೆ ಅಡಿಕೆಯ ಲೆಕ್ಕವೂ ಹೋಯಿತು. ಅವನಿಗೆ ಅದೊಂದು ಹಿಡಿಸಲಿಲ್ಲ.

ಪಂಚಮಿಗೆ ತವರಿಗೆ ಹೋದಾಗ ತಾಯಿಗೂ ಕಲಿಸಲು ಕೂತಳು. ಕಸಬರಿಗೆಯ ಕಡ್ಡಿ ಮುರಿದು, ಕಮಲಾಪುರದ ಮನೆಯ ಪಡಸಾಲೆಯ ಮೇಲೆ ಅಂಕಿ ಜೋಡಿಸಿದಳು. ಅನ್ನಮ್ಮ ಮಗಳ ಎದುರಿಗೆ ಕೂತು ಬೇಗ ಬೇಗ ಕಲಿತಳು. ಆದರೆ ಕ್ಯಾಲ್ಕುಲೇಟರ್ ಕೈಗೆ ಕೊಟ್ಟು ಆರು ಒತ್ತಿದರೆ ಒಂಬತ್ತು ಅನ್ನುತ್ತಾಳೆ, ಒಂಬತ್ತು ಒತ್ತಿದರೆ ಆರು! "ಅವ್ವನ ಕಣ್ಣಿಗೆ ಪೊರಿ ಬಂದದ" ಎಂದು ದುಂಡಮ್ಮ ಅವಳನ್ನು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಕಣ್ಣು ಬರೋಬ್ಬರಿ ಇವೆ ಎಂದರು. ದುಂಡಮ್ಮ ಡಾಕ್ಟರರನ್ನೇ ನಂಬಲಿಲ್ಲ.

ಶ್ರಾವಣ ಮುಗಿದ ಮೇಲೆ ಮಿಲ್ಲಿನಲ್ಲಿ ಶಾಲೆ ಶುರುವಾಯಿತು. ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಅರ್ಧ ಗಂಟೆ. ಹೆಂಗಸರು ಎಂದಿನಂತೆ ದುಂಡಗೆ ಕೂಡುವರು. ನಡುವೆ ದುಂಡಮ್ಮ ಕಡ್ಡಿಗಳಿಂದ ನಲವತ್ತೆರಡು, ಐವತ್ತಾರು ಎಂದು ಜೋಡಿಸುವಳು. ಒಬ್ಬೊಬ್ಬರೂ ತಾವು ಕೂತಲ್ಲಿಂದ ನೋಡಿ ಕಲಿಯುವರು. ಒಡೆದ ಮೂಲೆಯ ಕ್ಯಾಲ್ಕುಲೇಟರ್ ಮಾತ್ರ ಯಾರ ಕೈಗೂ ಹೋಗದೆ ದುಂಡಮ್ಮನ ಮಡಿಲಲ್ಲೇ ಇರುತ್ತಿತ್ತು. ದೌಲಪ್ಪ ಬೀಡಿ ಸೇದುತ್ತ ನೋಡಿ ನಗುತ್ತಿದ್ದ. ಕಡ್ಡಿ ಜೋಡಿಸುವ ಆಟ ಎಂದುಕೊಂಡಿದ್ದ, ಪಾಪ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಸಂಜೆ ದುಂಡಮ್ಮ ಚೀಲ ಇಟ್ಟಳು. ದೌಲಪ್ಪ "ನಲ್ವತ್ತೊಂದು" ಎಂದ. ನನ್ನ ಪೆನ್ನು ಕಾಗದ ಮುಟ್ಟಿರಲಿಲ್ಲ.

"ನಲ್ವತ್ತನಾಕು ಅದ" ಎಂದಳು ದುಂಡಮ್ಮ.

"ನಾ ಏನ್ ಕಳ್ಳೇನು?" ಎಂದು ದೌಲಪ್ಪ ಕೂಗಿದ. ಕಳ್ಳ ಎಂದು ಯಾರೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೇಳಿದ್ದೆ. ಇವನು ಕುಂಬಳಕಾಯಿ ಎನ್ನುವ ಮೊದಲೇ ಮುಟ್ಟಿಕೊಂಡಿದ್ದ.

ಗದ್ದಲ ಕೇಳಿ ಸಾವಕಾರರು ಹೊರಗೆ ಬಂದರು. ಅಷ್ಟರಲ್ಲಿ ಚೀಲ ಕೆಳಗಿಳಿದು ಕಾಟಾದಲ್ಲಿ ಸೊನ್ನೆ ಬಂದಿತ್ತು. ಅವರು ಕೆಟ್ಟ ಮನುಷ್ಯರಲ್ಲ, ಆದರೆ ಕೂಲಿಯವಳ ಮುಂದೆ ಸೋಲುವುದು ಅವರಿಗೆ ಅಭ್ಯಾಸವಿರಲಿಲ್ಲ.

"ನಿನಗ ಅಂಕಿ ಓದಾಕ ಬರ್ತದೇನು?"

"ನನಗೊಬ್ಬಾಕಿಗೇ ಅಲ್ರೀ ಸಾವಕಾರ್ರೇ. ನಾವು ಇಪ್ಪತ್ತೆರಡೂ ಮಂದಿಗೆ ಬರ್ತದ."

ಸಾವಕಾರರು ನಕ್ಕರು. ಬಾಯಿ ಮುಚ್ಚಿಸುವ ಸುಲಭದ ದಾರಿ ಸಿಕ್ಕಿತು ಎಂದುಕೊಂಡಿರಬೇಕು.

"ಹಂಗಾದ್ರ ನಾಳಿ ಹತ್ತು ಸಲ ತೂಗಸ್ತೀನಿ. ಓದೋ ಹೆಣ್ಮಗಳನ್ನ ನಾ ಆರಿಸ್ತೀನಿ, ನೀ ಅಲ್ಲ. ಹತ್ತೂ ಖರೇ ಹೇಳಿದ್ಲಂದ್ರ ಅವತ್ತಿನಿಂದ ಕಾಟಾದ ಮುಂದ ನಿಮ್ಮಾಕಿನೇ ನಿಂತು ತೂಕಾ ಹೇಳ್ಲಿ. ಒಂದೇ ಒಂದು ತಪ್ಪಿದ್ರ, ದುಂಡಮ್ಮ, ನೀ ಗೇಟು ದಾಟಿ ಹೋಗು. ತೂಕದ ಮಾತು ಇನ್ನ ಮ್ಯಾಲ ಯಾರೂ ಎತ್ತಂಗಿಲ್ಲ. ಒಪ್ಪೇನು?"

ಮನೆಯಲ್ಲಿ ಸೊಂಟ ಹಿಡಿದ ಗಂಡ, ಇಬ್ಬರು ಮಕ್ಕಳು. ಬೇರೆ ಯಾರಾದರೂ ಆಗಿದ್ದರೆ ಒಂದು ರಾತ್ರಿ ಯೋಚನೆಗೆ ಕೇಳುತ್ತಿದ್ದರು. ದುಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಒಪ್ಪಿದೆ" ಎಂದಳು.

ಎಡವಟ್ಟು ಗೊತ್ತಾದದ್ದು ಅರ್ಧ ಗಂಟೆಯ ನಂತರ. ಮಿಲ್ಲಿನ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ಸಿಟಿ ಬಸ್ಸಿಗೆ ಕಾಯುತ್ತಿದ್ದೆವು. ನಾನೂ ಸ್ವಲ್ಪ ದೂರದಲ್ಲಿದ್ದೆ. ನಾಳೆಗೆ ತಯಾರಿ ಎಂದು ದುಂಡಮ್ಮ ಕ್ಯಾಲ್ಕುಲೇಟರಿನಲ್ಲಿ ಅರವತ್ತೊಂದು ಒತ್ತಿ, ಮೊದಲ ಸಲ ಅದನ್ನು ಕೈಯಿಂದ ಕೈಗೆ ದಾಟಿಸಿದಳು.

"ಅರವತ್ತೊಂದು" ಎಂದಳು ರೋಷನಬಿ.

"ಹತ್ತೊಂಬತ್ತು" ಎಂದಳು ಮಲ್ಕಮ್ಮ.

ಮುಂದಿನವಳು ಅರವತ್ತೊಂದು, ಅವಳ ಮುಂದಿನವಳು ಹತ್ತೊಂಬತ್ತು. ಮೂವತ್ತೇಳು ಒತ್ತಿದರೆ ಎಂಟು ಜನ, "ಇದು ಅಂಕಿನೇ ಅಲ್ಲ, ಮಷಿನ್ ಕೆಟ್ಟದ" ಎಂದರು. ಜಗಳ ಹತ್ತಿಕೊಂಡಿತು. ರೋಷನಬಿ ಮಲ್ಕಮ್ಮನ ಕೈಯಿಂದ ಕ್ಯಾಲ್ಕುಲೇಟರ್ ಕಿತ್ತುಕೊಳ್ಳಲು ಹೋದಳು. ಆ ಎಳೆದಾಟದಲ್ಲಿ ಅದು ಬುಡಮೇಲಾಗಿ ತಿರುಗಿತು, ಮಲ್ಕಮ್ಮ ಕೂಡಲೇ ಕೂಗಿದಳು: "ಹಾಂ, ಈಗ ನೋಡು, ಮೂವತ್ತೇಳು!"

ದುಂಡಮ್ಮ ಹಣೆ ಹಣೆ ಬಡಿದುಕೊಂಡಳು.

"ಅಯ್ಯ ನನ್ನವ್ವಾ, ನಿನ್ನ ಕಣ್ಣಿಗೆ ಏನೂ ಆಗಿದ್ದಿಲ್ಲಲ್ಲ! ನೀ ನನ್ನ ಎದುರಿಗೆ ಕುಂತಿದ್ದಿ!"

ಕಮಲಾಪುರದಲ್ಲಿ ತಾಯಿ ಎದುರಿಗೆ ಕೂತಿದ್ದಳು. ಮಿಲ್ಲಿನಲ್ಲಿ ಎಂಟು ಜನ ಎದುರಿಗೆ ಕೂತಿದ್ದರು. ಪಕ್ಕದಲ್ಲಿ ಕೂತವರು ಕತ್ತು ಹೊರಳಿಸಿ ಹೇಗೋ ಸರಿಯಾಗಿ ಕಲಿತಿದ್ದರು. ಎದುರಿನ ಎಂಟು ಜನ ಅಷ್ಟೂ ಅಂಕಿಗಳನ್ನು ಶ್ರದ್ಧೆಯಿಂದ, ಒಂದೂ ಬಿಡದೆ, ತಲೆಕೆಳಗಾಗಿ ಕಲಿತಿದ್ದರು. ಬೇಳೆಯ ರಾಶಿಗೆ ಮೇಲು ಕೆಳಗು ಇರುವುದಿಲ್ಲ, ಅಂಕಿಗೆ ಇರುತ್ತದೆ ಎಂದು ಯಾರಿಗೆ ಹೊಳೆಯಬೇಕು?

ಬಸ್ಸು ಬರುವ ತನಕ ತಿದ್ದಲು ನೋಡಿದಳು. ಇನ್ನಷ್ಟು ಕೆಟ್ಟಿತು, ಮಲ್ಕಮ್ಮ ಕಲಿತದ್ದನ್ನೂ ಮರೆಯುವ ಹಾಗಾದಳು. ಕೊನೆಗೆ ದುಂಡಮ್ಮ, "ನಾಳಿ ನೀವು ಎಂಟೂ ಮಂದಿ ಹಿಂದ ನಿಲ್ರಿ. ಸಾವಕಾರ್ರ ಕಣ್ಣಿಗೆ ಬೀಳಬ್ಯಾಡ್ರಿ" ಎಂದಳು. ಬಸ್ಸಿನಲ್ಲಿ ಅವಳು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಬ್ರಹ್ಮಪುರ ಬರುವ ತನಕ ಕ್ಯಾಲ್ಕುಲೇಟರನ್ನು ಬುಡಮೇಲು ಮಾಡಿ, ನೆಟ್ಟಗೆ ಮಾಡಿ ನೋಡುತ್ತಿದ್ದಳು. ನಾಳೆ ಸಾಯಂಕಾಲ ಇವಳು ಈ ಬಸ್ಸಿನಲ್ಲಿ ಇರುತ್ತಾಳೋ ಇಲ್ಲವೋ ಎಂದು ನಾನು ಆ ಸೀಟನ್ನೇ ನೋಡುತ್ತ ಕೂತೆ.

ಮರುದಿನ ಮಧ್ಯಾಹ್ನ ಮಿಲ್ಲು ನಿಲ್ಲಿಸಿ ಎಲ್ಲರೂ ಕಾಟಾದ ಸುತ್ತ ಸೇರಿದರು. ಸಾವಕಾರರು ಹೆಂಗಸರನ್ನು ಒಂದು ಸುತ್ತು ನೋಡಿದರು. ವ್ಯಾಪಾರದಲ್ಲಿ ತಲೆ ನೆರೆಸಿಕೊಂಡವರು. ಯಾರು ಅಡಗುತ್ತಾರೋ ಅವರಿಗೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲವೇ? ಕಂಬದ ಹಿಂದೆ ನಿಂತಿದ್ದ ಮಲ್ಕಮ್ಮನ ಸೆರಗು ಅವರ ಕಣ್ಣಿಗೆ ಬಿತ್ತು.

"ಬಾ ತಾಯಿ, ನೀನೇ ಬಾ."

ದೌಲಪ್ಪನ ಮುಖ ಅರಳಿತು. ಮಲ್ಕಮ್ಮ ದಪ್ಪ ಮೈಯ, ಸಣ್ಣ ದನಿಯ ಹೆಂಗಸು. ಕಿರಾಣಿ ಅಂಗಡಿಯಲ್ಲಿ ಇದ್ದ ಹಣವನ್ನೆಲ್ಲ ಅಂಗಡಿಯವನ ಕೈಗೆ ಕೊಟ್ಟು, ಅವನು ತಿರುಗಿ ಕೊಟ್ಟಿದ್ದನ್ನು ಎಣಿಸದೆ ಗಂಟು ಹಾಕಿಕೊಳ್ಳುವವಳು. ದುಂಡಮ್ಮನನ್ನು ನೋಡಿದೆ. ಅವಳು ಗೇಟಿನ ಕಡೆ ನೋಡುತ್ತಿದ್ದಳು.

ಮೊದಲ ಚೀಲ ಇಟ್ಟರು. ಕೆಂಪಗೆ ಅರವತ್ತೊಂದು ಬಂತು. ಮಲ್ಕಮ್ಮ ಅದರ ಮುಂದೆ ನಿಂತು ನೋಡಿದಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಓರೆ ಮಾಡಿದಳು.

"ಹೇಳವ್ವಾ" ಎಂದ ದೌಲಪ್ಪ, ಜೇನಿನಂಥ ದನಿಯಲ್ಲಿ.

ಆಗ ಮಲ್ಕಮ್ಮ ಒಂದು ಕೆಲಸ ಮಾಡಿದಳು. ಕಾಟಾದ ಹಿಂದೆ ಹೋದಳು. ಸೆರಗು ಬಿಗಿ ಮಾಡಿಕೊಂಡು, ಕಂಬವನ್ನು ಎರಡೂ ಕೈಯಿಂದ ಹಿಡಿದು, ಡಬ್ಬಿಯ ಮೇಲಿಂದ ಮುಂದಕ್ಕೆ ಬಾಗಿ, ತಲೆ ಕೆಳಗೆ ಮಾಡಿ ಅಂಕಿಯನ್ನು ಇಣುಕಿದಳು. ತುರುಬು ಬಿಚ್ಚಿ ಕೂದಲು ಜೋತುಬಿತ್ತು. ಹಮಾಲರು ಹೋ ಎಂದು ನಕ್ಕರು.

"ಅರವತ್ತೊಂದು" ಎಂದಳು ಮಲ್ಕಮ್ಮ, ಆ ಕೂದಲಿನ ಒಳಗಿನಿಂದ.

ನಗು ನಿಂತಿತು. ಸಾವಕಾರರು ನನ್ನ ಕಡೆ ನೋಡಿದರು. "ಬರೋಬ್ಬರಿ ಅದರೀ" ಎಂದೆ. ಆ ಮಿಲ್ಲಿನಲ್ಲಿ ನಾನು ತಲೆ ಎತ್ತಿ ಹೇಳಿದ ಮೊದಲ ಮಾತು ಅದು.

ಎರಡನೆಯದು ನಲವತ್ತೇಳು, ಹೇಳಿದಳು. ಮೂರನೆಯದು ಐವತ್ತಮೂರು, ಹೇಳಿದಳು. ಪ್ರತಿ ಸಲ ಹಿಂದೆ ಹೋಗಿ ಬಾಗುವುದು, ಹೇಳುವುದು, ಸೆರಗು ಸರಿ ಮಾಡಿಕೊಳ್ಳುವುದು. ಐದಾಗುವ ಹೊತ್ತಿಗೆ ಹಮಾಲರೇ ಅವಳ ಜೊತೆ ಎಣಿಸತೊಡಗಿದರು. ಒಂಬತ್ತು ಮುಗಿದಾಗ ಅವಳ ಮುಖ ಹಣ್ಣು ಮೆಣಸಿನಕಾಯಿಯ ಹಾಗೆ ಕೆಂಪಾಗಿತ್ತು, ತಪ್ಪು ಮಾತ್ರ ಒಂದೂ ಬಂದಿರಲಿಲ್ಲ.

ಸಾವಕಾರರು ಚಪ್ಪಲಿ ಬಿಟ್ಟು ತಾವೇ ಕಾಟಾದ ಮೇಲೆ ಹತ್ತಿ ನಿಂತರು. "ಇದು ಹತ್ತನೇದು" ಎಂದರು.

ಮಲ್ಕಮ್ಮ ಬಾಗಿದಳು. ಸಾವಕಾರರ ಧೋತರಕ್ಕೆ ತನ್ನ ಕೂದಲು ತಾಗಬಾರದೆಂದು ಒಂದು ಕೈಯಿಂದ ಎತ್ತಿ ಹಿಡಿದುಕೊಂಡಳು. ನೆಟ್ಟಗೆ ನಿಂತು ನೋಡಿದ್ದರೆ ಅವಳಿಗೆ ಅದು ಹದಿನಾರಾಗಿ ಕಾಣುತ್ತಿತ್ತು.

"ತೊಂಬತ್ತೊಂದು" ಎಂದಳು.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಸಾವಕಾರರು ಕೆಳಗಿಳಿದು ಚಪ್ಪಲಿ ಹಾಕಿಕೊಂಡರು. "ಖರೇನೇ. ಹೋದ ವಾರ ಡಾಕ್ಟರ್ ಇದೇ ಹೇಳಿ ಬೈದಾನ" ಎಂದರು. ಅಷ್ಟು ದೊಡ್ಡ ನಗು ಆ ಮಿಲ್ಲಿನಲ್ಲಿ ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಸಾವಕಾರ್ರೇ, ಆಕಿ ತಲಿಕೆಳಗ ಓದ್ಯಾಳ್ರೀ!" ಎಂದು ದೌಲಪ್ಪ ಬಾಯಿ ಬಡಿದುಕೊಂಡ.

ದುಂಡಮ್ಮ ಅವನ ಕಡೆ ತಿರುಗಿದಳು. "ಹೌದಣ್ಣಾ. ಆಕಿ ತಲಿಕೆಳಗ ಆಗಿ ಖರೇ ಹೇಳ್ಯಾಳ. ನೀ ನೆಟ್ಟಗ ನಿಂತು ಮೂರು ಕಿಲೋ ನುಂಗ್ತಿದ್ದಿ."

ಆಮೇಲೆ ಮಡಿಲಿನಿಂದ ಕ್ಯಾಲ್ಕುಲೇಟರ್ ತೆಗೆದಳು. ಎಲ್ಲರಿಗೂ ಕೇಳುವಂತೆ ಒತ್ತುತ್ತ ಹೋದಳು: ದಿನಕ್ಕೆ ಒಬ್ಬೊಬ್ಬಳದು ಮೂರು ಕಿಲೋ, ಇಪ್ಪತ್ತೆರಡು ಮಂದಿ, ಅರವತ್ತಾರು ಕಿಲೋ. ಕಿಲೋಕ್ಕೆ ಮೂವತ್ತು ಪೈಸೆ, ಹತ್ತೊಂಬತ್ತು ರೂಪಾಯಿ ಎಂಬತ್ತು ಪೈಸೆ. ತಿಂಗಳಿಗೆ ಇಪ್ಪತ್ತಾರು ದಿನ. "ಐನೂರ ಹದಿನಾಕು ರೂಪಾಯಿ ಎಂಬತ್ತು ಪೈಸಾ" ಎಂದು ಡಬ್ಬಿಯನ್ನು ಸಾವಕಾರರ ಕಣ್ಣ ಮುಂದೆ ಹಿಡಿದಳು. "ಮೂರು ಕಿಲೋ ಅಂದ್ರ ಸಣ್ಣ ಮಾತು ಅನಸ್ತದ್ರಿ. ತಿಂಗಳಿಗೆ ಕೂಡಿಸಿ ನೋಡಿದ್ರ ನಮ್ಮೊಳಗ ಒಬ್ಬಾಕಿ ಒಂದೂವರಿ ತಿಂಗಳು ಪುಕಟ ದುಡಿದಂಗ."

ಕಿಲೋದಿಂದ ದಿನಕ್ಕೆ, ದಿನದಿಂದ ತಿಂಗಳಿಗೆ ಹೀಗೆ ಲೆಕ್ಕ ಏರುತ್ತದೆ ಎಂದು ಹೆಚ್ಚಿನ ಹೆಂಗಸರಿಗೆ ಅವತ್ತೇ ಗೊತ್ತಾದದ್ದು. ನಗು ನಿಂತು ಎಲ್ಲರೂ ಬೆರಳು ಮಡಚಿ ಏನೇನೋ ಲೆಕ್ಕ ಹಾಕತೊಡಗಿದರು. ಸಾವಕಾರರು ಎಲ್ಲರ ಮುಂದೆ ಮಾತು ಕೊಟ್ಟಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಇವತ್ತು ಸಂಜಿಯಿಂದ ತೂಕಾ ದುಂಡಮ್ಮಂದು" ಎಂದು ಒಳಗೆ ಹೋದರು. ದೌಲಪ್ಪ ಗೋದಾಮಿನ ಕೆಲಸಕ್ಕೆ ಹೋದ, ಆ ಹಳೆಯ ಗುಂಡುಗಳ ಜೊತೆಗೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದಲ್ಲಿ ಆ ಇಪ್ಪತ್ತೆರಡು ಜನ ಸೇರಿ ಸಂಘ ಮಾಡಿದರು, ಬ್ಯಾಂಕಿನಲ್ಲಿ ಖಾತೆ ತೆಗೆದರು. ದುಂಡಮ್ಮ ಪ್ರತಿ ಭಾನುವಾರ ಕಮಲಾಪುರಕ್ಕೆ ಹೋಗಿ ಬಾಳೆಹಣ್ಣು ಮಾರುವ ಹೆಂಗಸರಿಗೆ ಕಡ್ಡಿ ಶಾಲೆ ನಡೆಸಿದಳು. ಕೆಂಪು ಬಾಳೆ ದಪ್ಪ ಹಣ್ಣು. ಅದನ್ನು ಡಜನ್ ಲೆಕ್ಕದಲ್ಲಿ ಕೊಟ್ಟು ಕಳೆದುಕೊಳ್ಳುತ್ತಿದ್ದವರು ಬ್ಯಾಟರಿ ಕಾಟಾ ತಂದು ಕಿಲೋ ಲೆಕ್ಕದಲ್ಲಿ ಮಾರಲು ಕಲಿತರು. ೨೦೦೩ರಲ್ಲಿ ನಾನೇ ಹೋಗಿ ನೋಡಿದ್ದೇನೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ, ಒಂದೇ ಕಡೆ ಕೂರಿಸುತ್ತಿದ್ದಳು. ಅನ್ನಮ್ಮ ಮಾತ್ರ ಹಟ ಮಾಡಿ ಎದುರಿಗೇ ಕೂತು, ಎಲ್ಲರಿಗಿಂತ ಬೇಗ ತಲೆಕೆಳಗಾಗಿ ಓದುತ್ತಿದ್ದಳು.

ಆದರೆ ನನಗೆ ಎಲ್ಲಕ್ಕಿಂತ ನೆನಪಿರುವುದು ಆ ಗೆದ್ದ ದಿನದ ಸಂಜೆ. ಕಾಟಾದ ಮುಂದೆ ದುಂಡಮ್ಮ ನಿಂತಿದ್ದಳು. ಮೊದಲು ತನ್ನ ಚೀಲವನ್ನೇ ಇಟ್ಟಳು. "ನಲ್ವತ್ತನಾಕು" ಎಂದು ಕೂಗಿದಳು. ನಾನು ಬರೆದೆ. ಆಕೆ ಬಂದು ಪುಸ್ತಕಕ್ಕೆ ಬಗ್ಗಿದಳು.

"ಇದೇನ್ರಿ?"

"ನಲ್ವತ್ತನಾಕು."

"ನನಗ ಹ್ಯಾಂಗ ತಿಳೀಬೇಕು? ಕಡ್ಡಿಲೆ ಬರೀರಿ."

"ಕಡ್ಡಿಲೆ ಬರದ್ರ ನನ್ನ ಕೈ ಕೆಡ್ತದವ್ವಾ. ಊರ ಮಂದಿ ಹೊಗಳೋ ಕೈ ಇದು."

"ನಿಮ್ಮ ಕೈ ಭಾಳ ಚಂದ ಅದ ನಾಗಣ್ಣಾವ್ರೇ" ಎಂದಳು, ಸಿಟ್ಟಿಲ್ಲದೆ. "ಆ ಚಂದದ ಕೈಲೇ ನೀವು ದಿನಾ ನಲ್ವತ್ತೊಂದು ಬರದೀರಿ."

ಬರೆದದ್ದಕ್ಕೆ ಗೆರೆ ಎಳೆದೆ. ಪಕ್ಕದಲ್ಲಿ, ಮೊದಲ ಸಲ ಹಲಗೆ ಹಿಡಿದ ಮಗುವಿನ ಹಾಗೆ, ಒಂದೊಂದೇ ಕಡ್ಡಿ ಎಳೆದು ಎರಡು ನಾಲ್ಕು ನಿಲ್ಲಿಸಿದೆ. ಸೊಟ್ಟಗಿದ್ದವು, ಕುರೂಪಿಯಾಗಿದ್ದವು. ಆ ಪುಸ್ತಕ ಮುಗಿಯುವ ತನಕ, ಆಮೇಲಿನ ಪುಸ್ತಕಗಳಲ್ಲಿಯೂ ಹಾಗೆಯೇ ಬರೆದೆ. ಇವತ್ತು ಕಿರಾಣಿ ಚೀಟಿ ಬರೆದರೂ ನನ್ನ ನಾಲ್ಕು ಕಡ್ಡಿಯದೇ.

ದುಂಡಮ್ಮ ಬೆರಳಿಟ್ಟು ಓದಿದಳು, "ನಲ್ವತ್ತನಾಕು" ಎಂದು. ಆ ಪುಸ್ತಕವನ್ನು ನೋಡಿ ಹೊಗಳಿದವರು ಬಹಳ ಜನ. ಅದರಲ್ಲಿ ತನ್ನ ದುಡಿಮೆಯನ್ನು ತಾನೇ ಓದಿಕೊಂಡವಳು ಅವಳೇ ಮೊದಲು.